ಪರರ ಮನೆಯಲ್ಲಿ ಸರಿಸಮಾನಳಾಗಿ

ಇಪ್ಪತ್ತರ ಆಸುಪಾಸಿನ ತರುಣಿಯೊಬ್ಬಳು, ಬಂಧುಗಳಾಗಲಿ ಪರಿಚಿತರಾಗಲಿ ಒಬ್ಬರೂ ಇಲ್ಲದ ದೂರದೇಶಕ್ಕೆ ಒಂಟಿಯಾಗಿ ಪಯಣಿಸಿ, ಅಲ್ಲಿಯ ಗೃಹಸ್ಥರೊಬ್ಬರ ಮನೆಯಲ್ಲಿ ಅವರ ಮಕ್ಕಳನ್ನು ನೋಡಿಕೊಳ್ಳುತ್ತ, ಅವರ ಪಂಕ್ತಿಯಲ್ಲಿಯೇ ಉಣ್ಣುತ್ತ, ಅವರ ಭಾಷೆಯನ್ನು ಕಲಿಯುತ್ತ ಒಂದು ವರ್ಷವನ್ನು ಕಳೆಯುವ ಪದ್ಧತಿಯೊಂದು ಯುರೋಪಿನಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಇದಕ್ಕೆ ಓ ಪೇರ್ ಪದ್ಧತಿಯೆಂದು ಹೆಸರು; ಸರಿಸಮಾನವಾಗಿ ಎಂಬುದು ಈ ಫ್ರೆಂಚ್ ಮಾತಿನ ಅರ್ಥ. ಹಾಗೆ ಹೋಗುವವರನ್ನೂ ಓ ಪೇರ್ ಎಂದೇ ಕರೆಯುವರು. ತರುಣರಿಗೂ ಈ ಮಾರ್ಗ ತೆರೆದಿದೆಯಾದರೂ ಹೋಗುವವರಲ್ಲಿ ಹೆಚ್ಚಿನವರು ತರುಣಿಯರೇ. ಹೀಗೆ ಹೋದವಳು ಆ ಮನೆಯ ಸೇವಕಿಯಲ್ಲ, ಏಕೆಂದರೆ ಅವಳಿಗೆ ಸಂಬಳವಿಲ್ಲ, ಕೈಖರ್ಚಿನ ಹಣವುಂಟು. ಅತಿಥಿಯೂ ಅಲ್ಲ, ಏಕೆಂದರೆ ಅವಳಿಗೆ ನಿಯತವಾದ ಕರ್ತವ್ಯಗಳಿವೆ. ಮನೆಯ ಮಗಳೆಂದು ಬಾಯಿತುಂಬ ಕರೆದರೂ ಮಗಳಿಗಿರುವ ಹಕ್ಕುಗಳೊಂದೂ ಅವಳಿಗಿಲ್ಲ.

ಹೀಗೆ ಯಾವ ಪರಿಚಿತ ಸಂಬಂಧಕ್ಕೂ ಸೇರದ ಒಂದು ಸ್ಥಾನದಲ್ಲಿ, ತಂದೆತಾಯಿಗಳಿಂದ ಸಾವಿರಾರು ಮೈಲಿ ದೂರದಲ್ಲಿ, ಒಬ್ಬ ಹುಡುಗಿ ತನ್ನ ಗೌರವವನ್ನು ಉಳಿಸಿಕೊಂಡು ಬಾಳುವುದು ಹೇಗೆ ಎಂಬುದು ಕುತೂಹಲದ ವಿಷಯ ಮಾತ್ರವಲ್ಲ, ಕಾಳಜಿಯ ವಿಷಯವೂ ಹೌದು. ಆತಿಥೇಯರು ಸಜ್ಜನರಾಗಿದ್ದರೆ ಸಾಕೆಂದು ನಾವು ಭಾವಿಸುವುದು ಸಹಜ. ಆದರೆ ಸೌಜನ್ಯವೆಂಬುದು ಕೊಡುವವರ ಮನಸ್ಸಿನಲ್ಲಿರುವ ವಸ್ತು. ಅದು ಇಂದು ಇದ್ದು ನಾಳೆ ಇಲ್ಲವಾಗಬಹುದು. ಸಮಾನತೆಯಾದರೋ ಲಿಖಿತವಾದ ಒಪ್ಪಂದ, ದುಡಿಮೆಗೆ ಎಲ್ಲೆ ಕಟ್ಟುವ ಗಡಿಯಾರ, ತನ್ನ ಮಾತನ್ನು ತಾನೇ ಆಡಬಲ್ಲ ಭಾಷೆ ಎಂಬ ಮೂರು ಆಧಾರಗಳ ಮೇಲೆ ನಿಲ್ಲತಕ್ಕದ್ದು. ಈ ಪದ್ಧತಿಯ ಚರಿತ್ರೆಯನ್ನು ನೋಡಿದರೆ, ಈ ಮೂರೂ ಇದ್ದಲ್ಲಿ ಅದು ಫಲಿಸಿರುವುದೂ, ಒಂದು ಕುಸಿದಲ್ಲಿ ಉಳಿದೆರಡು ದುರ್ಬಲವಾಗಿರುವುದೂ ಸ್ಪಷ್ಟವಾಗಿ ಕಾಣುತ್ತದೆ.

ಆಯಾಗಳ ಕಾಲದಿಂದ ಒಪ್ಪಂದದ ಕಾಲಕ್ಕೆ

ಪರರ ಮಕ್ಕಳನ್ನು ಎತ್ತಿಕೊಂಡು ಸಮುದ್ರವನ್ನು ದಾಟಿದ ಸ್ತ್ರೀಯರು ನಮ್ಮ ದೇಶದ ಇತಿಹಾಸಕ್ಕೆ ಹೊಸಬರಲ್ಲ. ಬ್ರಿಟಿಷರ ಆಡಳಿತಕಾಲದಲ್ಲಿ ರಜೆಗೋ ನಿವೃತ್ತಿಗೋ ಸ್ವದೇಶಕ್ಕೆ ಮರಳುತ್ತಿದ್ದ ಆಂಗ್ಲ ಕುಟುಂಬಗಳು, ವಾರಗಟ್ಟಲೆ ನಡೆಯುತ್ತಿದ್ದ ಹಡಗಿನ ಪ್ರಯಾಣದಲ್ಲಿ ಮಕ್ಕಳ ಆರೈಕೆಗೆಂದು ಭಾರತೀಯ ಆಯಾಗಳನ್ನು ಜೊತೆಗೆ ಕರೆದೊಯ್ಯುತ್ತಿದ್ದುವು. ಅವರಲ್ಲಿ ಪ್ರಯಾಣವನ್ನೇ ಕಸುಬಾಗಿ ಮಾಡಿಕೊಂಡು ಹಲವು ಬಾರಿ ಕಡಲನ್ನು ದಾಟಿದ ಧೀರೆಯರೂ ಇದ್ದರು. ಆದರೆ ಹಡಗು ಲಂಡನ್ನನ್ನು ಮುಟ್ಟಿದೊಡನೆ ಕೆಲಸ ಮುಗಿಯಿತೆಂದು ಹಿಂದಿರುಗುವ ವೆಚ್ಚವನ್ನೂ ಕೊಡದೆ ಬೀದಿಗೆ ಬಿಟ್ಟ ಯಜಮಾನರೂ ಕಡಮೆಯಿರಲಿಲ್ಲ. ಅಂಥ ನಿರಾಶ್ರಿತ ಸ್ತ್ರೀಯರಿಗಾಗಿ ಲಂಡನ್ನಿನ ಆಲ್ಡ್‌ಗೇಟಿನಲ್ಲಿ ಆಯಾಗಳ ಗೃಹವೊಂದು ಸ್ಥಾಪಿತವಾಗಿ, 1900ರಲ್ಲಿ ಲಂಡನ್ ಸಿಟಿ ಮಿಷನ್ನಿನ ಆಶ್ರಯದಲ್ಲಿ ಹ್ಯಾಕ್ನಿಯ ಕಿಂಗ್ ಎಡ್ವರ್ಡ್ಸ್ ರಸ್ತೆಯ 26ನೆಯ ಮನೆಗೂ, 1921ರಲ್ಲಿ ಅದೇ ರಸ್ತೆಯ ಇನ್ನೂ ವಿಶಾಲವಾದ ಮತ್ತೊಂದು ಮನೆಗೂ ಸ್ಥಳಾಂತರ ಹೊಂದಿತು. ವರ್ಷಕ್ಕೆ ಸುಮಾರು ನೂರು ಮಂದಿ ಆಯಾಗಳು ಅಲ್ಲಿ ತಂಗಿ, ಭಾರತಕ್ಕೆ ಹೊರಟ ಬೇರೊಂದು ಕುಟುಂಬದ ಕೆಲಸ ದೊರೆಯುವ ತನಕ ಕಾದಿರುತ್ತಿದ್ದರು. 2022ರಲ್ಲಿ ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ಆ 26ನೆಯ ಮನೆಗೆ ಸ್ಮಾರಕ ಫಲಕವನ್ನು ಅಳವಡಿಸಿದುದರಿಂದ ಆ ಅನಾಮಿಕ ಸ್ತ್ರೀಯರ ನೆನಪು ಬೀದಿಯಲ್ಲಿ ಹೋಗುವವರ ಕಣ್ಣಿಗೂ ಬೀಳುವಂತಾಯಿತು. ಆ ಆಯಾಗಳಲ್ಲಿ ಶ್ರಮಕ್ಕಾಗಲಿ ವಾತ್ಸಲ್ಯಕ್ಕಾಗಲಿ ಕೊರತೆಯಿರಲಿಲ್ಲ. ಅವರ ಶ್ರಮಕ್ಕೆ ಪ್ರತಿಯಾಗಿ ಯಜಮಾನನು ಏನು ಮಾಡತಕ್ಕದ್ದೆಂಬುದನ್ನು ಅವನು ಮೀರಲಾಗದಂತೆ ವಿಧಿಸುವ ಕಟ್ಟಳೆಯೊಂದು ಇರಲಿಲ್ಲ.

ಯುರೋಪಿನಲ್ಲಿ ಈ ಪದ್ಧತಿಯ ಬೇರುಗಳು ಬೇರೊಂದು ನೆಲದಲ್ಲಿವೆ. ಹಲವು ಭಾಷೆಗಳ ನಾಡಾದ ಸ್ವಿಟ್ಜರ್‌ಲ್ಯಾಂಡಿನಲ್ಲಿ, ಜರ್ಮನ್ ಮಾತನಾಡುವ ಪ್ರಾಂತಗಳ ಹುಡುಗಿಯರನ್ನು ಫ್ರೆಂಚ್ ಮಾತನಾಡುವ ಪ್ರಾಂತಗಳ ಮನೆಗಳಿಗೆ ಒಂದು ವರ್ಷದ ಮಟ್ಟಿಗೆ ಕಳುಹಿಸಿ, ಅಲ್ಲಿಯ ಭಾಷೆಯನ್ನೂ ಗೃಹಕೃತ್ಯವನ್ನೂ ಕಲಿಸುವ ವಾಡಿಕೆ ಇತ್ತು. ಎರಡನೆಯ ಮಹಾಯುದ್ಧದ ತರುವಾಯ ಮಧ್ಯಮವರ್ಗದ ಮನೆಗಳಿಗೆ ಆಳುಗಳು ದೊರೆಯುವುದು ದುರ್ಲಭವಾಗಿ, ಅದೇ ಕಾಲಕ್ಕೆ ನೆರೆದೇಶಗಳ ಭಾಷೆಯನ್ನು ಕಲಿಯುವ ಉತ್ಸಾಹ ತರುಣವರ್ಗದಲ್ಲಿ ಹೆಚ್ಚಿ, ಗಡಿಗಳನ್ನು ದಾಟಿ ಹೋಗುವ ಓ ಪೇರ್‌ಗಳ ಸಂಖ್ಯೆ ಬೆಳೆಯಿತು. ಹೀಗೆ ಹೋದವರ ರಕ್ಷಣೆಗಾಗಿ ಯುರೋಪಿನ ಪರಿಷತ್ತು 1969ರ ನವೆಂಬರ್ 24ರಂದು ಸ್ಟ್ರಾಸ್‌ಬರ್ಗ್ ನಗರದಲ್ಲಿ ಒಂದು ಒಡಂಬಡಿಕೆಯನ್ನು ಸಹಿಗೆ ತೆರೆದಿಟ್ಟಿತು. ಅದು 1971ರ ಮೇ 30ರಿಂದ ಜಾರಿಗೆ ಬಂದಿತು. ಓ ಪೇರ್ ಆದವರು ಕೇವಲ ವಿದ್ಯಾರ್ಥಿಗಳೂ ಅಲ್ಲ, ಕೇವಲ ಕಾರ್ಮಿಕರೂ ಅಲ್ಲ, ಎರಡರ ಲಕ್ಷಣಗಳೂ ಕೂಡಿದ ಒಂದು ವಿಶೇಷ ವರ್ಗದವರೆಂದು ಅದು ಅಂಗೀಕರಿಸಿತು. ವಯಸ್ಸು 17ಕ್ಕೆ ಕಡಮೆಯಾಗದೆ 30ನ್ನು ಮೀರದೆ ಇರಬೇಕು. ದಿನಕ್ಕೆ ಮನೆಗೆಲಸ ಸಾಮಾನ್ಯವಾಗಿ ಐದು ಗಂಟೆಗಳನ್ನು ಮೀರಕೂಡದು. ವಾರದಲ್ಲಿ ಒಂದು ದಿನ ಪೂರ್ತಿ ಬಿಡುವಿರಬೇಕು, ಆ ಬಿಡುವು ತಿಂಗಳಿಗೊಮ್ಮೆಯಾದರೂ ಭಾನುವಾರದಂದು ಒದಗಬೇಕು. ಭಾಷಾತರಗತಿಗೆ ಹೋಗಲು ಸಮಯ ದೊರೆಯಬೇಕು. ಇವೆಲ್ಲವೂ ಲಿಖಿತ ಒಪ್ಪಂದದಲ್ಲಿ, ಸಾಧ್ಯವಾದಮಟ್ಟಿಗೆ ಹುಡುಗಿ ತನ್ನ ದೇಶವನ್ನು ಬಿಡುವ ಮೊದಲೇ, ಸಿದ್ಧವಾಗಿರಬೇಕು. ಈ ಒಡಂಬಡಿಕೆಯನ್ನು ಪೂರ್ಣವಾಗಿ ಸ್ಥಿರೀಕರಿಸಿದ ರಾಷ್ಟ್ರಗಳು ಕೆಲವೇ ಆದರೂ, ಉಳಿದ ರಾಷ್ಟ್ರಗಳು ಮುಂದೆ ಮಾಡಿಕೊಂಡ ನಿಯಮಗಳಲ್ಲಿ ಇದೇ ಚೌಕಟ್ಟು ಎದ್ದುಕಾಣುತ್ತದೆ.

ಗಡಿಯಾರ, ಕೈಖರ್ಚು, ಕೋಣೆ

ಕರ್ಣಾಟಕದಿಂದ ಹೊರಡಬಯಸುವವರಿಗೆ ಜರ್ಮನಿಯ ನಿಯಮಗಳು ಸ್ಪಷ್ಟವಾಗಿಯೂ ವಿವರವಾಗಿಯೂ ಇವೆ. ಬೆಂಗಳೂರಿನ ಇಂದಿರಾನಗರದಲ್ಲಿ ಮ್ಯಾಕ್ಸ್ ಮುಲ್ಲರ್ ಭವನವೆಂದು ಹೆಸರಾದ ಗೋಥೆ ಇನ್‌ಸ್ಟಿಟ್ಯೂಟಿನಲ್ಲಿ ಭಾಷೆಯ ಕಲಿಕೆಗೂ ಪರೀಕ್ಷೆಗೂ ಅನುಕೂಲವಿದೆ. ನಗರದಲ್ಲಿ ಜರ್ಮನಿಯ ಕಾನ್ಸುಲೇಟ್ ಜನರಲ್ ಕಚೇರಿಯೂ ಇದೆ. ಹದಿನೆಂಟು ತುಂಬಿದವರು, 27 ತುಂಬುವುದರೊಳಗೆ ವೀಸಾಕ್ಕೆ ಅರ್ಜಿ ಸಲ್ಲಿಸಬೇಕು. ಜರ್ಮನ್ ಭಾಷೆಯಲ್ಲಿ ಎ1 ಎಂಬ ಪ್ರಾರಂಭಿಕ ಮಟ್ಟದ ತಿಳಿವಳಿಕೆ ಇರಬೇಕು. ಗರಿಷ್ಠ ಅವಧಿ ಒಂದು ವರ್ಷ. ಆ ದೇಶದಲ್ಲಿ ಎರಡನೆಯ ಬಾರಿ ಓ ಪೇರ್ ಆಗಲು ಅವಕಾಶವಿಲ್ಲ. ಆತಿಥೇಯರ ಮನೆಯಲ್ಲಿ ಜರ್ಮನ್ ಮಾತೃಭಾಷೆಯಾಗಿಯೋ ನಿತ್ಯದ ಮನೆಮಾತಾಗಿಯೋ ಇರತಕ್ಕದ್ದು. ಮಾತೃಭಾಷೆಯಲ್ಲದೆ ಕೇವಲ ಮನೆಮಾತಾಗಿದ್ದ ಪಕ್ಷದಲ್ಲಿ ಓ ಪೇರ್ ಆ ಗೃಹಸ್ಥರ ಮೂಲದೇಶದವಳಾಗಿರಕೂಡದು. ಆದುದರಿಂದ ಅಲ್ಲಿ ನೆಲೆಸಿದ ಭಾರತೀಯ ದಂಪತಿಗಳು ಊರಿನಿಂದ ಹುಡುಗಿಯೊಬ್ಬಳನ್ನು ಈ ಹೆಸರಿನಲ್ಲಿ ಕರೆಸಿಕೊಳ್ಳುವಂತಿಲ್ಲ. ಹುಡುಗಿ ಬರುವುದು ಅನ್ಯಸಂಸ್ಕೃತಿಯೊಂದರ ಪರಿಚಯಕ್ಕೇ ಹೊರತು ಅಗ್ಗದ ಮನೆಗೆಲಸಕ್ಕಲ್ಲವೆಂಬ ತತ್ತ್ವವನ್ನು ಈ ಕಟ್ಟಳೆ ಕಾಪಾಡುತ್ತದೆ.

ದುಡಿಮೆಯ ಮಿತಿ ದಿನಕ್ಕೆ ಆರು ಗಂಟೆ, ವಾರಕ್ಕೆ 30 ಗಂಟೆ. ತಂದೆತಾಯಿಗಳು ಹೊರಗೆ ಹೋದ ಸಂಜೆ ಮಗು ಮಲಗಿರುವಾಗ ಸುಮ್ಮನೆ ಮನೆಯಲ್ಲಿರುವುದೂ ಈ ಲೆಕ್ಕದೊಳಗೇ ಸೇರುತ್ತದೆ. ವಾರದಲ್ಲಿ ಒಂದೂವರೆ ದಿನ ಬಿಡುವು, ವರ್ಷಪೂರ್ತಿ ಇದ್ದವಳಿಗೆ ನಾಲ್ಕು ವಾರಗಳ ರಜೆ, ತಿಂಗಳಿಗೆ 280 ಯೂರೊ ಕೈಖರ್ಚು, ಭಾಷಾತರಗತಿಗೆಂದು ತಿಂಗಳಿಗೆ 70 ಯೂರೊ, ಊಟ, ವಸತಿ, ಮತ್ತು ರೋಗ, ಅಪಘಾತ, ಹೆರಿಗೆಗಳಿಗೆ ಅನ್ವಯಿಸುವ ವಿಮೆ, ಇವೆಲ್ಲವೂ ಆತಿಥೇಯರ ಹೊಣೆ. ಕೋಣೆ ಅವಳದೇ ಆಗಿರಬೇಕು. ಕನಿಷ್ಠ ಎಂಟು ಚದರ ಮೀಟರ್ ವಿಸ್ತೀರ್ಣ, ಒಂದು ಕಿಟಕಿ, ಚಳಿಗಾಲಕ್ಕೆ ಶಾಖದ ಏರ್ಪಾಡು ಅದಕ್ಕಿರಬೇಕು. ಮಕ್ಕಳ ಕೋಣೆಯ ಮೂಲೆಯಲ್ಲಿ ಹಾಸಿದ ಹಾಸಿಗೆ ಈ ನಿಯಮಕ್ಕೆ ಸಲ್ಲದು. ಮಕ್ಕಳನ್ನು ಎಬ್ಬಿಸಿ ಸಿದ್ಧಪಡಿಸುವುದು, ಶಿಶುವಿಹಾರಕ್ಕೆ ಕರೆದೊಯ್ದು ಕರೆತರುವುದು, ಅವರೊಡನೆ ಆಡುವುದು, ಸರಳವಾದ ಅಡುಗೆ, ಬಟ್ಟೆಬರೆ ಒಪ್ಪಮಾಡುವುದು ಮುಂತಾದ ಹಗುರವಾದ ಕೆಲಸಗಳು ಅವಳ ಪಾಲಿಗೆ ಬರುತ್ತವೆ. ವೃದ್ಧರ ಮತ್ತು ರೋಗಿಗಳ ಶುಶ್ರೂಷೆ ಅವಳ ಕರ್ತವ್ಯವಲ್ಲ. ವಿಮಾನಯಾನದ ವೆಚ್ಚ ಮಾತ್ರ ಸಾಮಾನ್ಯವಾಗಿ ಅವಳದೇ. ಹೀಗಿರುವಾಗ ಹಣ ಕೂಡಿಹಾಕಿ ಮನೆಗೆ ಕಳುಹಿಸಬೇಕೆಂಬ ಆಸೆಯಿಂದ ಹೊರಡುವವರಿಗೆ ಇದು ತಕ್ಕ ಮಾರ್ಗವಲ್ಲವೆಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಭಾಷೆಗಾಗಿ, ಅನುಭವಕ್ಕಾಗಿ, ಮುಂದಿನ ವಿದ್ಯಾಭ್ಯಾಸದ ದಾರಿಯನ್ನು ಕಂಡುಕೊಳ್ಳುವುದಕ್ಕಾಗಿ ಹೋಗುವವರಿಗೆ ಇದರಿಂದ ದೊರೆಯುವ ಲಾಭ ಅಲ್ಪವಲ್ಲ.

ಹೊರಡುವ ಮುನ್ನ

ಈ ಪ್ರಯಾಣದ ಅತ್ಯಂತ ಅಪಾಯಕರವಾದ ಘಟ್ಟ ವಿಮಾನದಲ್ಲಿಲ್ಲ. ಅದು ಹೊರಡುವುದಕ್ಕೆ ಎಷ್ಟೋ ಮೊದಲೇ, ಆತಿಥೇಯ ಕುಟುಂಬವನ್ನು ಅರಸುವ ಕಾಲದಲ್ಲಿಯೇ ಬರುತ್ತದೆ. ಸುಂದರವಾದ ಮನೆಯ ಚಿತ್ರವನ್ನೂ ನಗುವ ಮಕ್ಕಳ ಚಿತ್ರವನ್ನೂ ಕಳುಹಿಸಿ, ನಿಯಮದಲ್ಲಿಲ್ಲದಷ್ಟು ದೊಡ್ಡ ಮೊತ್ತದ ಕೈಖರ್ಚಿನ ಆಸೆ ತೋರಿಸಿ, ಅನಂತರ ವೀಸಾದ ವಕೀಲರಿಗೆಂದೋ ಕಾಗದಪತ್ರಗಳ ಶುಲ್ಕಕ್ಕೆಂದೋ ಮುಂಗಡ ಹಣ ಕೇಳುವ ವಂಚಕರು ಎಲ್ಲ ದೇಶಗಳ ಹುಡುಗಿಯರನ್ನೂ ಕಾಡಿದ್ದಾರೆ. ನಿಜವಾದ ಕುಟುಂಬ ಹುಡುಗಿಯಿಂದ ಹಣವನ್ನು ಕೇಳುವುದಿಲ್ಲ. ವೀಸಾದ ಶುಲ್ಕವನ್ನು ಅರ್ಜಿದಾರಳು ತಾನೇ ನೇರವಾಗಿ ಅರ್ಜಿ ಸಲ್ಲಿಸುವಲ್ಲಿ ಕಟ್ಟುವಳೇ ಹೊರತು ಅಪರಿಚಿತರ ಖಾತೆಗೆ ಕಳುಹಿಸುವುದಿಲ್ಲ. ದಂಪತಿಗಳಿಬ್ಬರೊಡನೆಯೂ ಮಕ್ಕಳೊಡನೆಯೂ ವಿಡಿಯೋ ಕರೆಯಲ್ಲಿ ಒಂದಕ್ಕಿಂತ ಹೆಚ್ಚು ಸಲ ಮಾತನಾಡುವುದು, ಆ ಮನೆಯಲ್ಲಿ ಹಿಂದೆ ಇದ್ದ ಓ ಪೇರ್ ಒಬ್ಬಳ ಅಭಿಪ್ರಾಯವನ್ನು ಕೇಳಿ ತಿಳಿಯುವುದು, ವಾರದ ಯಾವ ದಿನ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಕೆಲಸವೆಂಬುದನ್ನು ಒಪ್ಪಂದದಲ್ಲಿಯೇ ಬರೆಯಿಸಿಕೊಳ್ಳುವುದು, ಇವು ಸಂಕೋಚಪಡತಕ್ಕ ವಿಷಯಗಳಲ್ಲ. ಕೇಳಿದ ಮಾತ್ರಕ್ಕೆ ಅಸಮಾಧಾನಗೊಳ್ಳುವ ಮನೆ ಹೋಗಲು ಯೋಗ್ಯವಾದ ಮನೆಯಲ್ಲವೆಂದು ಆಗಲೇ ತಿಳಿದಂತಾಯಿತು.

ಹೊರಡುವ ದಿನ ಪಾಸ್‌ಪೋರ್ಟು, ಒಪ್ಪಂದದ ಪ್ರತಿ, ವಿಮೆಯ ಪತ್ರ, ಆತಿಥೇಯರ ವಿಳಾಸ, ಫೋನ್ ಸಂಖ್ಯೆ ಇವು ಸೂಟ್‌ಕೇಸಿನಲ್ಲಿರದೆ ಕೈಚೀಲದಲ್ಲಿಯೇ ಇರಬೇಕು. ಏಕೆಂದರೆ ಫ್ರಾಂಕ್‌ಫರ್ಟಿನಲ್ಲಿಯೋ ಮ್ಯೂನಿಕ್‌ನಲ್ಲಿಯೋ ಗಡಿಯ ಅಧಿಕಾರಿ ಏಕೆ ಬಂದಿರುವೆಯೆಂದು ಕೇಳಿದಾಗ ಅವೇ ಉತ್ತರ ಹೇಳುವುವು. ಅವುಗಳ ಇನ್ನೊಂದು ಪ್ರತಿ ಊರಿನಲ್ಲಿ ತಂದೆತಾಯಿಗಳ ಬಳಿ ಇರತಕ್ಕದ್ದು. ಹಿಂದಿರುಗುವ ಟಿಕೆಟ್ಟಿಗೆ ಸಾಲುವಷ್ಟು ಹಣ ತನ್ನದೇ ಖಾತೆಯಲ್ಲಿ ಮುಟ್ಟದೆ ಉಳಿದಿರುವುದು ಎಲ್ಲಕ್ಕಿಂತ ಮುಖ್ಯವಾದ ಸಿದ್ಧತೆ: ಯಾವಾಗ ಬೇಕೆಂದರೆ ಆಗ ಹೊರಟು ಬರಬಲ್ಲೆನೆಂಬ ಧೈರ್ಯವಿರುವವಳು ಮಾತ್ರ ಇರುವಷ್ಟು ದಿನ ತಲೆಯೆತ್ತಿ ಇರಬಲ್ಲಳು. ತಲಪಿದ ಎರಡು ವಾರಗಳೊಳಗೆ ಊರಿನ ಕಚೇರಿಯಲ್ಲಿ ವಾಸದ ವಿಳಾಸವನ್ನು ನೋಂದಾಯಿಸಿಕೊಳ್ಳುವುದು ಅಲ್ಲಿಯ ಕಾನೂನು; ಪಾಸ್‌ಪೋರ್ಟು ಆತಿಥೇಯರ ಬೀರುವಿಗೆ ಸೇರದೆ ಅವಳ ಬಳಿಯಲ್ಲಿಯೇ ಇರತಕ್ಕದ್ದು; ಆಪತ್ತಿನಲ್ಲಿ ಕರೆಯಬೇಕಾದ ಸಂಖ್ಯೆ 112, ಪೊಲೀಸರದು 110.

ಆ ಮನೆಯ ಒಳಗೆ

ಮೊದಲ ವಾರಗಳು ಹೊಸ ಸೊಸೆ ಗಂಡನ ಮನೆಯಲ್ಲಿ ಕಳೆಯುವ ದಿನಗಳಂತೆ: ಯಾವ ಪಾತ್ರೆ ಎಲ್ಲಿರುವುದು, ಯಾವ ಬಾಗಿಲನ್ನು ತಟ್ಟಿ ಒಳಹೋಗಬೇಕು, ಯಾರು ಯಾವ ಮಾತಿಗೆ ನೋಯುವರು ಎಂಬುದನ್ನು ಕಣ್ಣಿನಿಂದಲೇ ಕಲಿಯಬೇಕು. ಸಂಜೆಯ ಊಟವೆಂದರೆ ಬಿಸಿ ಅನ್ನ ಸಾರು ಎಂದು ಬೆಳೆದವಳಿಗೆ, ರೊಟ್ಟಿಯ ತುಂಡುಗಳನ್ನೂ ಗಿಣ್ಣಿನ ಹೋಳುಗಳನ್ನೂ ಮೇಜಿನ ಮೇಲಿಟ್ಟು ತಣ್ಣಗೆ ಉಣ್ಣುವ ಅಲ್ಲಿಯ ರಾತ್ರಿಯೂಟ ಹೊಟ್ಟೆಗಿಂತ ಹೆಚ್ಚಾಗಿ ಮನಸ್ಸಿಗೆ ಒಗ್ಗದು. ಡಿಸೆಂಬರ್ ಬಂದಿತೆಂದರೆ ಬೆಳಗಿನ ಎಂಟಕ್ಕೆ ಸೂರ್ಯೋದಯ, ಸಂಜೆ ನಾಲ್ಕೂವರೆಯ ಹೊತ್ತಿಗೆ ಕತ್ತಲೆ. ಚಳಿಗಾಲದಲ್ಲಿ ನಮಗೂ ಅವರಿಗೂ ನಾಲ್ಕೂವರೆ ಗಂಟೆಗಳ ಅಂತರವಿರುವುದರಿಂದ, ಅಲ್ಲಿಯ ಕೆಲಸ ಮುಗಿಸಿ ತಾಯಿಯೊಡನೆ ಮಾತನಾಡೋಣವೆನ್ನುವಷ್ಟರಲ್ಲಿ ಇಲ್ಲಿ ಊರಿಗೆ ಊರೇ ಮಲಗಿರುತ್ತದೆ. ಭಾನುವಾರ ಅಂಗಡಿಗಳೆಲ್ಲ ಮುಚ್ಚಿ ಬೀದಿಗಳು ಮೌನವಾದಾಗ ಏಕಾಂತದ ಭಾರ ಇಮ್ಮಡಿಯಾಗುವುದುಂಟು. ಈ ವ್ಯಥೆ ದೌರ್ಬಲ್ಯವಲ್ಲ, ಒಂಟಿಯಾಗಿ ಹೋದವರೆಲ್ಲರಿಗೂ ಬರತಕ್ಕದ್ದೇ. ಅದಕ್ಕೆ ಮದ್ದು ಕೋಣೆಯ ಬಾಗಿಲು ಮುಚ್ಚಿ ಫೋನ್ ಹಿಡಿಯುವುದರಲ್ಲಿಲ್ಲ, ಭಾಷಾತರಗತಿಯಲ್ಲಿದೆ; ಕೊಲಂಬಿಯದಿಂದಲೋ ಜಾರ್ಜಿಯದಿಂದಲೋ ಮಡಗಾಸ್ಕರಿನಿಂದಲೋ ಇದೇ ಭಾರವನ್ನು ಹೊತ್ತು ಬಂದ ಸಹಪಾಠಿಗಳು ಅಲ್ಲಿ ದೊರೆಯುವರು.

ಮಕ್ಕಳ ವಿಷಯದಲ್ಲಿ ನಮ್ಮ ಹುಡುಗಿಯರು ಮುಂಚಿತವಾಗಿ ಅರಿತಿರಬೇಕಾದ ಒಂದು ಸಂಗತಿಯುಂಟು. ಹಿಂಸೆಯಿಲ್ಲದ ಪಾಲನೆ ಮಗುವಿನ ಹಕ್ಕೆಂದು ಜರ್ಮನಿಯ ಕಾನೂನು 2000ನೆಯ ಇಸವಿಯಿಂದ ಘೋಷಿಸಿದೆ. ಹೆತ್ತವರೇ ಕೈಯೆತ್ತುವಂತಿಲ್ಲದಲ್ಲಿ ಓ ಪೇರ್ ಒಂದು ಸಣ್ಣ ಪೆಟ್ಟನ್ನೂ ಕೊಡುವಂತಿಲ್ಲ. ಹಟಹಿಡಿದ ಮಗುವಿಗೆ ಕಾರಣ ಹೇಳಿ, ಕಾದು, ಮತ್ತೆ ಹೇಳಿ ಒಪ್ಪಿಸುವ ತಾಳ್ಮೆ ಆಗ ಅವಳಿಗೆ ಬೇಕಾಗುತ್ತದೆ, ಮತ್ತು ಅದಕ್ಕೆ ಭಾಷೆ ಬೇಕಾಗುತ್ತದೆ. ಆಶ್ಚರ್ಯವೆಂದರೆ ಆ ಭಾಷೆಯನ್ನು ಕಲಿಸುವ ಮೊದಲ ಗುರುಗಳೂ ಮಕ್ಕಳೇ. ವ್ಯಾಕರಣ ತಪ್ಪಿದಾಗ ದೊಡ್ಡವರು ಮರ್ಯಾದೆಗಾಗಿ ಸುಮ್ಮನಿದ್ದರೂ ನಾಲ್ಕು ವರ್ಷದ ಮಗು ಒಡನೆಯೇ ತಿದ್ದುತ್ತದೆ, ತಿದ್ದಿ ಆಟಕ್ಕೆ ಹಿಂದಿರುಗುತ್ತದೆ. ನವೆಂಬರ್ 11ರ ಸಂತ ಮಾರ್ಟಿನನ ದಿನ ಮಕ್ಕಳೊಡನೆ ಕಾಗದದ ಕಂದೀಲು ಹಿಡಿದು ಬೀದಿಯಲ್ಲಿ ಹಾಡುತ್ತ ನಡೆದವಳಿಗೂ, ಡಿಸೆಂಬರ್ 6ಕ್ಕೆ ಸಂತ ನಿಕೊಲಸನ ಸಿಹಿತಿಂಡಿಗಾಗಿ ಹಿಂದಿನ ರಾತ್ರಿಯೇ ಬೂಟುಗಳನ್ನು ಒರಸಿ ಬಾಗಿಲ ಬಳಿ ಇಡಲು ಮಗುವಿಗೆ ನೆರವಾದವಳಿಗೂ ಆಗುವ ಭಾಷಾಪರಿಚಯ ಯಾವ ಪಠ್ಯಪುಸ್ತಕದಿಂದಲೂ ಆಗದು.

ಎಲ್ಲಕ್ಕಿಂತ ಕಠಿನವಾದ ಪಾಠ ಬೇರೊಂದಿದೆ. ಹಿರಿಯರ ಎದುರಿನಲ್ಲಿ ಇಲ್ಲವೆನ್ನುವುದು ಅವಿನಯವೆಂದು ನಾವು ನಮ್ಮ ಹೆಣ್ಣುಮಕ್ಕಳನ್ನು ಬೆಳೆಸಿದ್ದೇವೆ. ಆ ಮನೆಯ ಗೃಹಿಣಿ ತನ್ನನ್ನು ಹೆಸರು ಹಿಡಿದೇ ಕರೆಯೆನ್ನುವಳು. ಅಕ್ಕ, ಆಂಟಿ ಎಂಬ ಆಸರೆಯಿಲ್ಲದೆ ತಾಯಿಯ ವಯಸ್ಸಿನವಳನ್ನು ಹೆಸರಿನಿಂದ ಕರೆಯುವುದು ಮೊದಮೊದಲು ಇವಳಿಗೆ ನಾಲಿಗೆ ಏಳದ ಕೆಲಸ. ಗೃಹಿಣಿ ಶನಿವಾರ ಸಂಜೆಯೂ ಮಕ್ಕಳನ್ನು ನೋಡಿಕೊಳ್ಳುವೆಯಾ ಎಂದು ಕೇಳಿದಾಗ, ಆ ಪ್ರಶ್ನೆ ಅಲ್ಲಿಯ ರೀತಿಯಲ್ಲಿ ನಿಜವಾಗಿಯೂ ಪ್ರಶ್ನೆಯೇ. ಆಗದೆಂಬ ಉತ್ತರಕ್ಕೂ ಅದರಲ್ಲಿ ಸ್ಥಳವಿದೆ. ಇವಳು ಅದನ್ನು ಆಜ್ಞೆಯೆಂದು ಭ್ರಮಿಸಿ, ಬಾಯಿಬಿಡದೆ ಒಪ್ಪಿ, ವಾರಕ್ಕೆ ನಲವತ್ತು ಗಂಟೆ ದುಡಿದು, ಒಳಗೊಳಗೇ ನೊಂದು, ಕೊನೆಗೆ ಒಂದು ದಿನ ಕಣ್ಣೀರಾಗಿ ಸಿಡಿದರೆ ಆತಿಥೇಯರು ನಿಜವಾಗಿಯೂ ದಿಗ್ಭ್ರಮೆಗೊಳ್ಳುವರು. ಈ ವಾರದ ಗಂಟೆಗಳು ತುಂಬಿದುವೆಂದು ನಗುಮುಖದಿಂದ ಹೇಳಲು ಕಲಿತವಳು ಒಪ್ಪಂದದ ಅಕ್ಷರಗಳಿಗೆ ಜೀವ ತುಂಬಿದವಳು. ಹಾಗೆ ಹೇಳಿಯೂ ಸರಿಹೋಗದಿದ್ದರೆ, ಓ ಪೇರ್‌ಗಳಿಗೆ ಕುಟುಂಬಗಳನ್ನು ಹೊಂದಿಸಿಕೊಡುವ ಏಜೆನ್ಸಿಯ ನೆರವಿನಿಂದ ಬೇರೊಂದು ಕುಟುಂಬಕ್ಕೆ ಹೋಗಲು ಅವಕಾಶವುಂಟು. ಅದು ಸೋಲೂ ಅಲ್ಲ, ಅಪಕೀರ್ತಿಯೂ ಅಲ್ಲ.

ಪದ್ಧತಿ ತಪ್ಪಿದಲ್ಲಿ

ಮೊದಲು ಹೇಳಿದ ಮೂರು ಆಧಾರಗಳು ದುರ್ಬಲವಾದಲ್ಲಿ ಏನಾಗುವುದೆಂಬುದಕ್ಕೆ ನಿದರ್ಶನಗಳು ದೂರವಿಲ್ಲ. ಅಮೆರಿಕವು 1986ರಲ್ಲಿ ಈ ಪದ್ಧತಿಯನ್ನು ಸಾಂಸ್ಕೃತಿಕ ವಿನಿಮಯವೆಂಬ ಹೆಸರಿನಲ್ಲಿ ಪ್ರಾರಂಭಿಸಿತು. ಅಲ್ಲಿ ವಾರಕ್ಕೆ 45 ಗಂಟೆಗಳವರೆಗೆ ಕೆಲಸ; ಮುಂದೆ ಗಂಟೆಗೆ 7.25 ಡಾಲರಿನ ಕನಿಷ್ಠ ಕೂಲಿಯಂತೆ ಲೆಕ್ಕಹಾಕಿ, ಊಟ ವಸತಿಗಳಿಗೆಂದು ನೂರಕ್ಕೆ 40ರಷ್ಟನ್ನು ಕಳೆದು, ವಾರಕ್ಕೆ 195.75 ಡಾಲರೆಂಬ ಮೊತ್ತವನ್ನು ನಿಗದಿ ಮಾಡಿದರು. ಈ ಮೊತ್ತವನ್ನೇ ಏಜೆನ್ಸಿಗಳು ಎಲ್ಲೆಡೆಯೂ ಏಕರೀತಿಯಾಗಿ ನಿಲ್ಲಿಸಿ ಕೂಲಿಯನ್ನು ಅದುಮಿಟ್ಟುವೆಂದು ಓ ಪೇರ್‌ಗಳು ಹೂಡಿದ ಮೊಕದ್ದಮೆ 2019ರಲ್ಲಿ 6 ಕೋಟಿ 55 ಲಕ್ಷ ಡಾಲರುಗಳ ರಾಜಿಯಲ್ಲಿ ಮುಗಿಯಿತು. 1997ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಹದಿಹರೆಯದ ಓ ಪೇರ್ ಒಬ್ಬಳ ವಶದಲ್ಲಿದ್ದ ಎಂಟು ತಿಂಗಳ ಶಿಶುವೊಂದು ಮೃತವಾದಾಗ ಜಗತ್ತೇ ತಲ್ಲಣಿಸಿತು. ಅನುಭವವಿಲ್ಲದ ಎಳೆಯರ ಕೈಯಲ್ಲಿ ಹಸುಳೆಗಳನ್ನು ಒಪ್ಪಿಸಬಹುದೆ ಎಂಬ ಪ್ರಶ್ನೆ ಎದ್ದು ನಿಯಮಗಳು ಬಿಗಿಯಾದುವು. ಎರಡು ವರ್ಷಕ್ಕಿಂತ ಚಿಕ್ಕ ಮಗುವನ್ನು ನೋಡಿಕೊಳ್ಳುವವಳಿಗೆ 200 ಗಂಟೆಗಳ ಪೂರ್ವಾನುಭವ ಇರಲೇಬೇಕೆಂಬುದು ಇಂದು ಅಲ್ಲಿಯ ಕಟ್ಟಳೆ.

ತನ್ನ ಹೆಣ್ಣುಮಕ್ಕಳು ಯುರೋಪಿನಲ್ಲಿ ಶೋಷಣೆಗೆ ಒಳಗಾಗುತ್ತಿರುವರೆಂಬ ವರದಿಗಳಿಂದ ನೊಂದ ಫಿಲಿಪ್ಪೀನ್ಸ್ ಸರ್ಕಾರ 1998ರಲ್ಲಿ ಅವರನ್ನು ಓ ಪೇರ್‌ಗಳಾಗಿ ಕಳುಹಿಸುವುದನ್ನೇ ನಿಷೇಧಿಸಿ, ರಕ್ಷಣೆಯ ಏರ್ಪಾಡುಗಳು ಸುಧಾರಿಸಿದ ಮೇಲೆ 2012ರ ವೇಳೆಗೆ ಆ ನಿಷೇಧವನ್ನು ತೆರವುಮಾಡಿತು. ಸಾಂಸ್ಕೃತಿಕ ವಿನಿಮಯವೆಂಬ ಹೆಸರಿನ ಮರೆಯಲ್ಲಿ ಅಗ್ಗದ ಮನೆಗೆಲಸ ನಡೆಯುತ್ತಿದೆಯೆಂಬ ದೀರ್ಘಕಾಲದ ಚರ್ಚೆಯ ತರುವಾಯ ನಾರ್ವೆ 2024ರಲ್ಲಿ ಈ ಪದ್ಧತಿಯನ್ನು ಮುಕ್ತಾಯಗೊಳಿಸಿತು. ಪದ್ಧತಿಯನ್ನೇ ಕಿತ್ತೊಗೆಯುವುದು ಸರಿಯೆ, ಅಥವಾ ಕಾವಲನ್ನು ಬಲಪಡಿಸುವುದು ಸರಿಯೆ ಎಂಬಲ್ಲಿ ಭಿನ್ನಾಭಿಪ್ರಾಯವಿರಬಹುದು. ಬಡಕುಟುಂಬದಲ್ಲಿ ಹುಟ್ಟಿ ಅನ್ಯಮಾರ್ಗವಿಲ್ಲದ ಹುಡುಗಿಗೂ ಜಗತ್ತನ್ನು ಕಾಣುವ ಕಿಂಡಿಯೊಂದನ್ನು ಇದು ತೆರೆದಿರುವುದರಿಂದ, ಮುಚ್ಚುವುದಕ್ಕಿಂತ ಕಾಯುವುದೇ ಮೇಲೆಂದು ನನ್ನ ನಂಬಿಕೆ. ವರ್ಷ ಮುಗಿದ ಮೇಲೆ ಕೆಲವರು ಅಲ್ಲಿಯೇ ಸ್ವಯಂಸೇವೆಯ ವರ್ಷಕ್ಕೋ, ದಾದಿಯರ ವೃತ್ತಿಶಿಕ್ಷಣಕ್ಕೋ ಸೇರಿ ತಮ್ಮ ಕಾಲ ಮೇಲೆ ನಿಂತಿರುವುದೂ ಉಂಟು.

ನಮ್ಮ ಮನೆಗಳ ಪ್ರಶ್ನೆ

ಇಷ್ಟನ್ನು ವಿವರಿಸಿದ ಮೇಲೆ ಒಂದು ಪ್ರಶ್ನೆ ನಮ್ಮ ಕಡೆಗೇ ತಿರುಗುತ್ತದೆ. ಜರ್ಮನಿಯ ಮನೆಯೊಂದರಲ್ಲಿ ನಮ್ಮ ಮಗಳಿಗೆ ಕಿಟಕಿಯಿರುವ ಕೋಣೆಯುಂಟೆ, ವಾರದ ರಜೆಯುಂಟೆ, ಅವಳು ಮೇಜಿನ ಬಳಿ ಎಲ್ಲರೊಡನೆ ಕುಳಿತು ಉಣ್ಣುವಳೆ ಎಂದು ಕಳವಳದಿಂದ ವಿಚಾರಿಸುವ ನಾವು, ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ನಮ್ಮ ಮಕ್ಕಳನ್ನು ನೋಡಿಕೊಳ್ಳಲು ರಾಯಚೂರಿನಿಂದಲೋ ಕಲಬುರಗಿಯಿಂದಲೋ ದೂರದ ಝಾರ್ಖಂಡದಿಂದಲೋ ಬಂದ ಹುಡುಗಿಯ ವಿಷಯದಲ್ಲಿ ಅವೇ ಪ್ರಶ್ನೆಗಳನ್ನು ಕೇಳಿಕೊಂಡಿದ್ದೇವೆಯೆ? ಅವಳೂ ಒಂಟಿಯಾಗಿಯೇ ಬಂದವಳು. ಅವಳಿಗೂ ಇಲ್ಲಿಯ ಭಾಷೆ ಎಷ್ಟೋ ವೇಳೆ ಪರಭಾಷೆ. ಅವಳ ದುಡಿಮೆಯ ಗಂಟೆಗಳನ್ನು ಎಣಿಸುವ ಗಡಿಯಾರ ಮಾತ್ರ ಮನೆಯಲ್ಲಿ ಇಲ್ಲ. ಮನೆಗೆಲಸದವರಿಗೆ ಕನಿಷ್ಠ ವೇತನವನ್ನು ಕರ್ಣಾಟಕ ಸರ್ಕಾರ 2004ರಲ್ಲಿಯೇ ಗೊತ್ತುಮಾಡಿತು; ಅವರ ಹಕ್ಕುಗಳನ್ನು ಕುರಿತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 189ನೆಯ ಒಡಂಬಡಿಕೆಗೆ ಭಾರತ 2011ರಲ್ಲಿ ಪರವಾಗಿ ಮತ ನೀಡಿಯೂ ಅದನ್ನು ಸ್ಥಿರೀಕರಿಸಿಲ್ಲ. ಸರ್ಕಾರಗಳ ಕಾರ್ಯ ತಡವಾಗಬಹುದು. ಒಂದು ಹಾಳೆಯ ಮೇಲೆ ಕೆಲಸದ ಗಂಟೆಗಳನ್ನೂ, ವಾರದ ಬಿಡುವನ್ನೂ, ತಿಂಗಳ ವೇತನವನ್ನೂ ಬರೆದು ಇಬ್ಬರೂ ಸಹಿ ಹಾಕುವುದಕ್ಕೆ ಗೃಹಸ್ಥನು ಯಾವ ಕಾನೂನಿಗೂ ಕಾಯಬೇಕಾಗಿಲ್ಲ. ಪರದೇಶದಲ್ಲಿ ನಮ್ಮ ಮಗಳಿಗೆ ಸಲ್ಲಬೇಕಾದ ನ್ಯಾಯವೆಂದು ನಾವು ಯಾವುದನ್ನು ಒಪ್ಪುತ್ತೇವೆಯೋ ಅದನ್ನು ನಮ್ಮ ಮನೆಯಲ್ಲಿ ದುಡಿಯುವ ಪರರ ಮಗಳಿಗೂ ಸಲ್ಲಿಸಿದಾಗ ಮಾತ್ರವೇ, ಸಮಾನಳಾಗಿ ಬಾಳು ಎಂದು ಮಗಳನ್ನು ಹರಸಿ ಕಳುಹಿಸುವ ಅಧಿಕಾರ ನಮಗೆ ಪೂರ್ತಿಯಾಗಿ ಬರುತ್ತದೆ.